ಶುಂಠಿ ಬಿಯರ್ ವಿಷಯದಲ್ಲಿ ಆನೆಯ ತಪ್ಪೇನೂ ಇಲ್ಲ

‘ವಿಷಯ’ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ನಂತರವಷ್ಟೇ ಹೇಳಬೇಕಾದದ್ದನ್ನು ಹೇಳುವುದು ನನಗೆ ಮೂವತ್ತಮೂರು ವರ್ಷಗಳ ರೂಢಿ. ಮೂಡಿಗೆರೆ ಸಮೀಪದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಬೇರೆ ಕಡೆಯ ಓದುಗರ ಅವಗಾಹನೆಗಾಗಿ ತಿಳಿಸುವುದೇನೆಂದರೆ, ನಮ್ಮಲ್ಲಿ ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಹಣ್ಣಿನ ತೂಕ, ಗೊಬ್ಬರದ ದಾಸ್ತಾನು ಮತ್ತು ಸಕಲ ಪತ್ರವ್ಯವಹಾರವನ್ನು ನೋಡಿಕೊಳ್ಳುವ ಗುಮಾಸ್ತ. ಆದ್ದರಿಂದ ಈ ಪ್ರಬಂಧವನ್ನು ಆರಂಭಿಸಲು ನನಗೆ ನಾಲ್ಕು ದಿನಗಳು ಹಿಡಿದವು. ಮೊದಲ ದಿನ ‘ಮಾನ್ಯ ಓದುಗರೇ’ ಎಂದು ಬರೆದೆ. ಉಲ್ಲೇಖಿಸಲು ಹಿಂದಿನ ಪತ್ರ ಯಾವುದೂ ಇಲ್ಲವೆಂಬುದು ನೆನಪಾಗಿ ಪೆನ್ನು ಕೆಳಗಿಟ್ಟೆ. ಮೂರನೆಯ ದಿನ ನನ್ನ ಹೆಂಡತಿ ಸರ್ವಮಂಗಳ ಕಾಫಿ ತಂದಿಟ್ಟವಳು ಆ ಎರಡು ಪದಗಳನ್ನು ನೋಡಿ, ಈ ವಯಸ್ಸಿನಲ್ಲಿ ಯಾರ ಬಳಿ ರಜೆ ಕೇಳುತ್ತಿದ್ದೀರಿ ಎಂದು ವಿಚಾರಿಸಿದಳು. ಕಚೇರಿ ಪತ್ರದ ಶೈಲಿಯನ್ನು ಬಿಟ್ಟು ಬರೆಯಲು ನಾನು ಪ್ರಯತ್ನಿಸಿದೆ. ಬಟ್ಟೆ ಬಿಚ್ಚಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಂತಾಯಿತು. ಆ ಶೈಲಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದರಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಗೊಬ್ಬರದ ಚೀಲಗಳು ತಾವಾಗಿ ನೆನೆದಿರುತ್ತವೆ, ಬೀಗದ ಕೈ ತಾನಾಗಿ ಕಾಣೆಯಾಗಿರುತ್ತದೆ, ಜೀಪು ತಾನಾಗಿ ಹಳ್ಳಕ್ಕೆ ಇಳಿದಿರುತ್ತದೆ. ಅಂಥ ಸಾವಿರಾರು ವಾಕ್ಯಗಳನ್ನು ನಾನು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದೇನೆ. ಅವುಗಳಲ್ಲಿ ಒಂದು ವಾಕ್ಯದ ಬಗ್ಗೆ, ಮತ್ತು ಆ ಕಾರಣದಿಂದ ಬಿಯರಿನ ಬಗ್ಗೆ, ಇಲ್ಲಿ ನಿವೇದಿಸಿಕೊಳ್ಳಬೇಕಾಗಿದೆ.

ಬಿಯರ್ ಎಂದ ಕೂಡಲೇ ಓದುಗರು ತಪ್ಪು ತಿಳಿಯಬಾರದು. ನಮ್ಮದು ದಿನಬೆಳಗಾದರೆ ಲಿಂಗಪೂಜೆ ನಡೆಯುವ ಮನೆ. ನಾನು ಮನೆಯಲ್ಲಿ ತಯಾರಿಸಲು ಹೊರಟದ್ದು ಶುಂಠಿ ಬಿಯರ್. ಶುಂಠಿ, ಸಕ್ಕರೆ, ನಿಂಬೆಹಣ್ಣು, ನೀರು, ಇಷ್ಟೇ ಸಾಮಗ್ರಿ. ಉಳಿದದ್ದನ್ನು ಹುದುಗುವಿಕೆ ಮಾಡಿಕೊಡುತ್ತದೆ. ಇಡ್ಲಿ ಹಿಟ್ಟಿಗೆ ಎಷ್ಟು ಅಮಲಿದೆಯೋ ಅದಕ್ಕಿಂತ ಕೊಂಚ ಹೆಚ್ಚಿರಬಹುದು. ಕುಡಿದವರು ತೂರಾಡುವುದಿಲ್ಲ, ತೇಗುತ್ತಾರೆ. ಆದರೆ ಅದಕ್ಕೆ ಈ ಹೆಸರನ್ನು ಇಟ್ಟವನು ನಾನಲ್ಲ. ಎಸ್ಟೇಟ್ ಬಂಗಲೆಯಲ್ಲಿ ಹಿಂದೆ ಇದ್ದ ಬಿಳಿಯ ದೊರೆಗಳ ಕಾಲದಿಂದಲೂ ಅದು ಬಿಯರೇ. ಆ ಬಂಗಲೆಯ ಮುದುಕ ಅಡುಗೆಯವರಿಂದ ಮಾಡುವ ವಿಧಾನವನ್ನು ಕಲಿತು, ನಮ್ಮ ಕಾಲದವರೆಗೆ ಉಳಿಸಿಕೊಂಡು ಬಂದವರು ಲೋಕಯ್ಯ ಮೇಸ್ತ್ರಿ. ಕರಾವಳಿಯಿಂದ ಘಟ್ಟ ಹತ್ತಿ ಬಂದು ನಮ್ಮ ಪಲ್ಪರ್ ಹೌಸಿನ ಉಸ್ತುವಾರಿಗೆ ನಿಂತವರು. ಪಲ್ಪರ್ ಹೌಸ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜವನ್ನು ತೊಳೆಯುವ ಜಾಗ. ಪ್ರತಿವರ್ಷ ಕುಯ್ಲು ಮುಗಿದು ಕೊನೆಯ ತೊಟ್ಟಿಯನ್ನು ತೊಳೆದ ದಿನ ಮಧ್ಯಾಹ್ನ, ಲೋಕಯ್ಯನವರು ಹಿಂಭಾಗದ ಒದ್ದೆ ಮರಳಿನಲ್ಲಿ ಕತ್ತಿನವರೆಗೆ ಹೂತಿಟ್ಟಿದ್ದ ಬಾಟಲಿಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದರು. ಬಿರಡೆಗೆ ಕಟ್ಟಿದ ಸುತಳಿಯನ್ನು ಕತ್ತರಿಸಿದರೆ ಟಪ್ ಎಂದು ಹಾರಿ ಸೂರಿಗೆ ಬಡಿಯುತ್ತಿತ್ತು. ಮೊದಲ ಲೋಟ ಆಳುಗಳಿಗೆ, ನಂತರ ನನಗೆ, ಕೊನೆಗೆ ಒಂದು ಬಾಟಲಿ ಸಾಹುಕಾರರ ಬಂಗಲೆಗೆ. ಆ ಖಾರ ನಾಲಿಗೆಯ ಮೇಲೆ ನಿಲ್ಲದೆ ನೇರವಾಗಿ ಮೂಗಿಗೆ ಏರಿ, ಅಲ್ಲಿ ಸ್ವಲ್ಪ ಹೊತ್ತು ಕುಳಿತು, ಕಣ್ಣಲ್ಲಿ ಒಂದು ಹನಿ ತರಿಸಿ ಇಳಿಯುತ್ತಿತ್ತು.

ಅದನ್ನು ಕೊನೆಯ ಬಾರಿ ಕುಡಿದು ಹದಿನೆಂಟು ವರ್ಷಗಳಾದವು. ನಿಂತುಹೋದದ್ದಕ್ಕೆ ಕಾರಣ ಮೇಲೆ ಹೇಳಿದ ಒಂದು ವಾಕ್ಯ. ಇಲ್ಲಿ ತೊಟ್ಟಿಯ ವಿಚಾರವನ್ನು ಕೊಂಚ ವಿವರಿಸುವುದು ಅಗತ್ಯ. ಸಿಪ್ಪೆ ಸುಲಿದ ಕಾಫಿ ಬೀಜಕ್ಕೆ ಒಂದು ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ಸಿಮೆಂಟಿನ ತೊಟ್ಟಿಯಲ್ಲಿ ಒಂದು ದಿನವೋ ಒಂದೂವರೆ ದಿನವೋ ಸುಮ್ಮನೆ ಬಿಟ್ಟರೆ ಹುದುಗಿ ಲೋಳೆ ಬಿಡುತ್ತದೆ. ಆಗ ತೊಳೆದು ಕಣದಲ್ಲಿ ಹರಡಬೇಕು. ಬೇಗ ತೊಳೆದರೆ ಲೋಳೆ ಉಳಿದು ಬೀಜ ಕಲೆಗಟ್ಟುತ್ತದೆ. ತಡವಾದರೆ ಹುಳಿ ಮೀರಿ ಇಡೀ ತೊಟ್ಟಿ ನಾರುತ್ತದೆ. ತೊಳೆಯುವ ಹೊತ್ತು ಯಾವುದೆಂದು ಹೇಳುವುದು ಗಡಿಯಾರವಲ್ಲ, ಕೈ. ತೊಟ್ಟಿಯ ಆಳಕ್ಕೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದು ಉಜ್ಜಬೇಕು. ಜಾರಿದರೆ ಆಗಿಲ್ಲ, ಹೊಳೆಯ ಜಲ್ಲಿಯಂತೆ ಗರಗರ ಎಂದರೆ ಆಗಿದೆ. ಆ ವರ್ಷ ಚಳಿ ವಿಪರೀತವಾಗಿ ತೊಟ್ಟಿ ನಿಧಾನವಾಯಿತು. ಲೋಕಯ್ಯನವರು ಕೈ ಹಾಕಿ ನೋಡಿ, ನಾಳೆ ಬೆಳಗಿನವರೆಗೆ ಬಿಡಬೇಕು ಎಂದರು. ಸಾಹುಕಾರರು ಊರಲ್ಲಿರಲಿಲ್ಲ, ಜವಾಬ್ದಾರಿ ನನ್ನ ಮೇಲಿತ್ತು. ನನಗೆ ಆಗಲೇ ಹುಳಿ ವಾಸನೆ ಬಂದಂತಾಯಿತು. ನಾನೂ ಕೈ ಹಾಕಿದೆ. ನನ್ನ ಕೈಗೆ ಗರಗರ ಎಂದಿತು, ಅಥವಾ ಹಾಗೆ ಎನ್ನಲಿ ಎಂದು ನಾನು ಬಯಸಿದೆ. ತೊಳೆಯಿರಿ ಎಂದು ಅಪ್ಪಣೆ ಮಾಡಿದೆ. ತೊಳೆದರು. ಬೀಜ ಒಣಗಿದ ಮೇಲೆ ಕಲೆ ಎದ್ದು ಕಂಡಿತು.

ಸಾಹುಕಾರರು ಲಿಖಿತ ವಿವರಣೆ ಕೇಳಿದರು. ನಾನು ಬರೆದೆ: ‘ಪಲ್ಪರ್ ಹೌಸಿನ ಮೇಲ್ವಿಚಾರಣೆಯಲ್ಲಿ ಕೊರತೆ ಉಂಟಾದ ಪ್ರಯುಕ್ತ ಸದರಿ ತೊಟ್ಟಿಯನ್ನು ಅವಧಿಗೆ ಮುನ್ನವೇ ತೊಳೆಯಲಾಗಿರುತ್ತದೆ.’ ಇದರಲ್ಲಿ ಒಂದೇ ಒಂದು ಸುಳ್ಳು ಇಲ್ಲ. ಇಂದಿಗೂ ಹುಡುಕಿ ನೋಡಬಹುದು. ಆದರೆ ಪಲ್ಪರ್ ಹೌಸಿನ ಮೇಲ್ವಿಚಾರಕರು ಯಾರೆಂದು ರಿಜಿಸ್ಟರಿನಲ್ಲಿ ನೋಡಿದರೆ ಲೋಕಯ್ಯನವರ ಹೆಸರಿತ್ತು. ಅವರನ್ನು ಅಲ್ಲಿಂದ ತೆಗೆದು ಕಳೆ ಹೊಡೆಸುವ ಕೆಲಸಕ್ಕೆ ಹಾಕಿದರು. ಇಂಥ ಆದೇಶವನ್ನು ಸಂಬಂಧಪಟ್ಟವರಿಗೆ ಓದಿ ಹೇಳುವುದು ಎಸ್ಟೇಟಿನ ಕ್ರಮ, ಓದಿ ಹೇಳುವವನು ರೈಟರ್. ಲೋಕಯ್ಯನವರಿಗೆ ಓದಲು ಬರುತ್ತಿರಲಿಲ್ಲ. ಅದೇ ತೊಟ್ಟಿಯ ಪಕ್ಕದಲ್ಲಿ ನಿಂತು, ನನ್ನ ವಿವರಣೆಯನ್ನೂ ಸೇರಿಸಿ, ನಾನು ಪೂರ್ತಿಯಾಗಿ ಓದಿದೆ. ಅವರು ತಲೆ ಬಗ್ಗಿಸಿ ಕೇಳಿ, ಕೊನೆಗೆ ಇಷ್ಟೇ ಹೇಳಿದರು: “ಓದಿದ್ದು ಚಂದ ಆಯ್ತು ರೈಟ್ರೇ.” ಆ ಸಲ ಮರಳಿನಲ್ಲಿ ಬಾಟಲಿಗಳಿರಲಿಲ್ಲ. ಮರುವರ್ಷ ಅವರು ಕಳಸದ ಕಡೆ ಇರುವ ಮಗಳ ಮನೆಗೆ ಹೊರಟುಹೋದರು. ಆನಂತರ ಎರಡು ಮದುವೆಗಳಲ್ಲಿ ಭೇಟಿಯಾದದ್ದುಂಟು. ಎರಡೂ ಸಲ ಅವರು ನಮಸ್ಕಾರ ಎಂದರು, ನಾನು ನಮಸ್ಕಾರ ಎಂದೆ, ಪಾಯಸ ಬಂತು.

ಕಳೆದ ವರ್ಷ ಯಾವುದೋ ಕಾಗದಕ್ಕೆಂದು ಎಸ್ಟೇಟಿಗೆ ಹೋಗಿದ್ದೆ. ಈಗ ಲೋಳೆಯನ್ನು ಕೆಲವೇ ನಿಮಿಷಗಳಲ್ಲಿ ಉಜ್ಜಿ ತೆಗೆಯುವ ಯಂತ್ರ ಬಂದಿದೆ. ಹುದುಗಿಸುವ ತೊಟ್ಟಿಗಳಲ್ಲಿ ಸುಣ್ಣದ ಚೀಲಗಳನ್ನು ಪೇರಿಸಿದ್ದಾರೆ. ಇನ್ನು ಮುಂದೆ ಯಾರ ಕೈಯೂ ಅಲ್ಲಿ ತಪ್ಪು ಹೇಳುವಂತಿಲ್ಲ, ಸರಿ ಹೇಳುವಂತೆಯೂ ಇಲ್ಲ. ಅದನ್ನು ನೋಡಿ ಬಂದ ಮೇಲೆ ಶುಂಠಿ ಬಿಯರಿನ ನೆನಪು ಗಂಟಲಲ್ಲಿ ಕುಳಿತುಬಿಟ್ಟಿತು. ಮಾಡುವ ಕ್ರಮವನ್ನು ಕೇಳಬಹುದಾಗಿದ್ದವರು ಒಬ್ಬರೇ, ಅವರನ್ನು ಕೇಳುವ ಮುಖ ನನಗಿರಲಿಲ್ಲ. ಆದ್ದರಿಂದ ನಾನೇ ತಯಾರಿಸುವುದು, ಚೆನ್ನಾಗಿ ಬಂದರೆ ಎರಡು ಬಾಟಲಿಗಳೊಂದಿಗೆ ಕಳಸಕ್ಕೆ ಹೋಗುವುದು, ಬಾಟಲಿಯನ್ನು ಅವರ ಕೈಗಿತ್ತು ಆಡಬೇಕಾಗಿದ್ದ ಮಾತನ್ನು ಆಡುವುದು ಎಂದು ನಿರ್ಧರಿಸಿದೆ. ಬರಿಗೈಯಲ್ಲಿ ಹೋಗಿ ತಪ್ಪೊಪ್ಪಿಕೊಳ್ಳುವಷ್ಟು ಧೈರ್ಯ ನನಗಿಲ್ಲ. ಲಗತ್ತುಗಳಿಲ್ಲದೆ ನಾನು ಯಾವ ಅರ್ಜಿಯನ್ನೂ ಎಂದೂ ಸಲ್ಲಿಸಿದವನಲ್ಲ.

ಮೊದಲು ಅನುಮತಿ ಬೇಕಿತ್ತು. ಅಡುಗೆಮನೆಯ ಒಂದು ಮೂಲೆ, ಒಂದು ದೊಡ್ಡ ಮಣ್ಣಿನ ಮಡಕೆ ಮತ್ತು ಮೆಟ್ಟಿಲ ಕೆಳಗಿನ ಕೋಣೆಯನ್ನು ಕೋರಿ, ಉದ್ದೇಶವನ್ನೂ ಅಮಲಿನ ಪ್ರಮಾಣವನ್ನೂ ಕಾಣಿಸಿ, ಒಂದು ಪುಟದ ಮನವಿ ಸಿದ್ಧಪಡಿಸಿ ಸರ್ವಮಂಗಳೆಯ ಮುಂದಿಟ್ಟೆ. ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಕಾಗದವನ್ನು ತೆಗೆದುಕೊಂಡು, ಓದದೆ, ಅದರ ಮೇಲೇ ನಾರನ್ನು ಹಾಕತೊಡಗಿದಳು. “ಬಾಯಲ್ಲಿ ಹೇಳಿ,” ಎಂದಳು. ಮದುವೆಯಾದಂದಿನಿಂದ ಅವಳು ನನಗೆ ಹೇಳುತ್ತಾ ಬಂದಿರುವುದು ಇದೊಂದೇ ಮಾತು. ನಿಶ್ಚಿತಾರ್ಥದ ನಂತರ ನಾನು ಅವಳಿಗೆ ಬರೆದ ಮೊದಲ ಪತ್ರ ‘ತಮ್ಮ ಕ್ಷೇಮಸಮಾಚಾರ ತಿಳಿದು ಸಂತೋಷವಾಯಿತು’ ಎಂದು ಆರಂಭವಾಗಿತ್ತಂತೆ, ಅವಳು ಇನ್ನೂ ಯಾವ ಸಮಾಚಾರವನ್ನೂ ತಿಳಿಸಿರಲಿಲ್ಲವಂತೆ. ಬಾಯಲ್ಲಿ ಹೇಳಿದೆ. ಶುಂಠಿಯವರೆಗೆ ಸುಲಭವಾಗಿತ್ತು, ಬಿಯರ್ ಎಂಬಲ್ಲಿ ಧ್ವನಿ ತಗ್ಗಿತು. ಬುಧವಾರ ಮಧ್ಯಾಹ್ನ ಮನೆಯಲ್ಲಿ ವಚನಗೋಷ್ಠಿಗೆ ಸೇರುವ ಹೆಂಗಸರಿಗೆ ಗೊತ್ತಾಗಕೂಡದು ಎಂಬ ಒಂದೇ ಷರತ್ತಿನ ಮೇಲೆ ಮಂಜೂರಾಯಿತು.

ಶುಂಠಿಗೆ ನಮ್ಮಲ್ಲಿ ಬರವಿಲ್ಲ. ತುರಿದ ಶುಂಠಿಗೂ ಸಕ್ಕರೆಗೂ ನೀರು ಬೆರೆಸಿ ಒಂದು ಜಾಡಿಯಲ್ಲಿಟ್ಟು, ಪ್ರತಿದಿನ ಒಂದೊಂದು ಚಮಚ ಸೇರಿಸುತ್ತಾ ಹೋದರೆ ವಾರದೊಳಗೆ ಹುದುಗಿನ ಹೆಪ್ಪು ತಯಾರಾಗುತ್ತದೆಂದು ಮೊಬೈಲಿನಲ್ಲಿ ಒಬ್ಬರು ತಿಳಿಸಿದರು. ನಾನು ಒಂದು ನೋಟುಪುಸ್ತಕಕ್ಕೆ ಗೆರೆ ಹಾಕಿ ದಿನವಹಿ ತೆರೆದೆ. ಷರಾ ಎಂಬ ಅಂಕಣದಲ್ಲಿ ಮೊದಲ ದಿನ ‘ಗುಳ್ಳೆ ಇಲ್ಲ’ ಎಂದೂ, ಎರಡನೆಯ ದಿನ ‘ಯಥಾಪ್ರಕಾರ’ ಎಂದೂ, ಮೂರನೆಯ ದಿನ ‘ಒಂದು ಗುಳ್ಳೆ, ನೊಣವೂ ಇರಬಹುದು’ ಎಂದೂ ನಮೂದಿಸಿದ್ದೇನೆ. ಆರನೆಯ ದಿನ ಜಾಡಿ ನೊರೆಯುಕ್ಕಿ, ಸರ್ವಮಂಗಳೆಯೇ ನನ್ನನ್ನು ಕರೆದು ತೋರಿಸಿದಳು. ಶುಂಠಿಯನ್ನು ಸಕ್ಕರೆಯೊಂದಿಗೆ ಕುದಿಸಿ, ಆರಿಸಿ, ನಿಂಬೆ ಹಿಂಡಿ, ಮಡಕೆಗೆ ಸುರಿದು, ಹೆಪ್ಪು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿದೆವು. ಇನ್ನು ಬಾಟಲಿಗಳು. ಬಸ್‌ಸ್ಟ್ಯಾಂಡಿನ ಹಿಂದಿನ ಗುಜರಿ ಅಂಗಡಿಯಲ್ಲಿ ಖಾಲಿ ಬಿಯರ್ ಬಾಟಲಿಗಳು ಗೋಡೆಯೆತ್ತರ ಇದ್ದವು. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವನು, “ಎಂತ ರೈಟ್ರೇ, ರಿಟೈರಾದ್ಮೇಲೆ ಶುರು ಮಾಡಿದ್ರಾ?” ಎಂದು ಕೇಳಿದ. ಪಕ್ಕದಲ್ಲಿ ನನ್ನ ಪರಿಚಯದ ಮೇಷ್ಟರೊಬ್ಬರು ಹಳೆಯ ಪೇಪರ್ ತೂಗಿಸುತ್ತಿದ್ದರು. ನಾನು ಅಲ್ಲವೆಂದು ಹೇಳಿ, ಪಾನಕದ ಸ್ಕ್ವಾಷಿನ ಎಂಟು ಖಾಲಿ ಬಾಟಲಿಗಳನ್ನು ತೆಗೆದುಕೊಂಡು ಬಂದೆ. ಒಳಗಿನ ಒತ್ತಡ ತಡೆಯಲೆಂದೇ ಬಿಯರ್ ಬಾಟಲಿಯ ಗಾಜು ದಪ್ಪವಾಗಿರುತ್ತದೆ, ಸ್ಕ್ವಾಷಿನದು ತೆಳ್ಳಗಿರುತ್ತದೆ ಎಂಬ ಸಂಗತಿ ಆಗ ನನ್ನ ಗಮನಕ್ಕೆ ಬಂದಿರಲಿಲ್ಲ. ನನ್ನ ಗಮನವೆಲ್ಲ ಮೇಷ್ಟರ ಮೇಲಿತ್ತು.

ಮಡಕೆಯಲ್ಲಿ ಎಷ್ಟು ಕಾಲ ಬಿಡಬೇಕು? ಮೊಬೈಲಿನವರು ಎರಡರಿಂದ ಹತ್ತು ದಿನ ಎಂದಿದ್ದರು. ಎರಡಕ್ಕೂ ಹತ್ತಕ್ಕೂ ನಡುವೆ ಎಂಟು ದಿನಗಳಿವೆ. ಅಷ್ಟು ಸಡಿಲವಾದ ಸುತ್ತೋಲೆಯನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಒಂದೂವರೆ ದಿನವಾಗುತ್ತಲೇ ನನಗೆ ತಳಮಳ ಶುರುವಾಯಿತು. ಕಾಫಿಯವರ ಮೈಯಲ್ಲಿ ಒಂದು ಭಯ ಕಾಯಂ ಆಗಿ ಕುಳಿತಿರುತ್ತದೆ: ಹುದುಗು ಮೀರಿತೇ? ಮಡಕೆಯ ಬಾಯಿಯ ಬಟ್ಟೆ ಬಿಚ್ಚಿ ಮೂಸಿದೆ. ಹುಳಿ ವಾಸನೆ ಬಂದಂತಾಯಿತು. ಆಗ ನಾನು ಮಾಡಿದ್ದನ್ನು ಪ್ರಪಂಚದಲ್ಲಿ ಬೇರೆ ಯಾವ ಬಿಯರ್ ತಯಾರಕನೂ ಮಾಡಿರಲಾರ. ತೋಳು ಮಡಚಿ, ಮಡಕೆಯ ತಳಕ್ಕೆ ಕೈ ಇಳಿಸಿ, ಒಂದು ಹಿಡಿ ಶುಂಠಿ ತುರಿಯನ್ನು ತೆಗೆದು, ಕಣ್ಣು ಮುಚ್ಚಿ ಉಜ್ಜಿ ನೋಡಿದೆ. ಜಾರಲಿಲ್ಲ. ಗರಗರ ಎಂದಿತು. ಎಷ್ಟೋ ವರ್ಷಗಳ ಮೇಲೆ ಅಂಗೈಗೆ ಆ ಗರಗರ ತಾಗಿದಾಗ ಆದ ಸಂತೋಷವನ್ನು ಹೇಗೆ ವರ್ಣಿಸಲಿ. ಆಗಿದೆ ಎಂದು ಘೋಷಿಸಿ, ಸೋಸಿ, ಎಂಟೂ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಮುಚ್ಚಳವನ್ನು ಬಲವಾಗಿ ತಿರುಗಿಸಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಾಲಾಗಿ ಇಟ್ಟೆ. ಶುಂಠಿ ನಾರಿನ ಪದಾರ್ಥ, ಅಂಗಡಿಯಿಂದ ತಂದ ಗಳಿಗೆಯಲ್ಲಿ ಉಜ್ಜಿದರೂ ಗರಗರ ಎನ್ನುತ್ತದೆ, ಹತ್ತು ವರ್ಷ ಬಿಟ್ಟು ಉಜ್ಜಿದರೂ ಹಾಗೆಯೇ ಎನ್ನುತ್ತದೆ ಎಂಬುದು ಐದು ದಿನಗಳ ನಂತರ ತಿಳಿಯಿತು.

ಅಂದು ಬುಧವಾರ. ಹಜಾರದಲ್ಲಿ ಹನ್ನೆರಡು ಜನ ಹೆಂಗಸರು ಸೇರಿದ್ದರು. ಅವರ ಹಿರಿಯರಾದ ಪಾರ್ವತಕ್ಕ ತಾಳ ಹಿಡಿದಿದ್ದರು. ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಢಂ ಎಂದು ಒಂದು ಸದ್ದಾಯಿತು. ಹಾಡು ನಿಂತಿತು. ನಮ್ಮ ಮನೆ ಇರುವುದು ಊರಿನ ಅಂಚಿನಲ್ಲಿ, ತೋಟಗಳು ಶುರುವಾಗುವ ಕಡೆ. ಈಚೆಗೆ ಇತ್ತ ಅಂಥ ಸದ್ದು ಕೇಳಿದರೆ ಎಲ್ಲರ ಮನಸ್ಸಿಗೂ ಬರುವುದು ಒಂದೇ. “ಆನೆಗೆ ಪಟಾಕಿ ಹೊಡ್ದ್ರು,” ಎಂದರು ಪಾರ್ವತಕ್ಕ, ತಾಳವನ್ನು ಮಡಿಲಲ್ಲಿಟ್ಟುಕೊಂಡು. ಒಬ್ಬರು ಕಿಟಕಿಗೆ ಹೋದರು, ಇಬ್ಬರು ಮಹಡಿಗೆ ಹತ್ತಿದರು, ಒಬ್ಬರು ಮೊಬೈಲ್ ತೆಗೆದು ಆನೆಗಳ ಚಲನವಲನ ತಿಳಿಸುವ ವಾಟ್ಸಾಪ್ ಗುಂಪಿಗೆ ನಮ್ಮ ಬೀದಿಯ ಹೆಸರು ಹಾಕಿದರು. ಸದರಿ ಸದ್ದು ಎಲ್ಲಿಂದ ಬಂತೆಂಬುದು ನನಗೆ ಎರಡನೆಯ ಉಸಿರಿಗೇ ತಿಳಿದಿತ್ತು. ಮೆಟ್ಟಿಲ ಕೆಳಗಿಂದ ಶುಂಠಿಯ ಘಾಟು ಬರುತ್ತಿತ್ತು. ನಾನು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದೆ. ಆನೆ ಎಂದು ಹೇಳಿದವನು ನಾನಲ್ಲ. ಅಲ್ಲ ಎಂದು ಹೇಳುವಂತೆ ನನ್ನನ್ನು ಯಾರೂ ಲಿಖಿತವಾಗಿ ಕೇಳಿಯೂ ಇಲ್ಲ. ಅಷ್ಟರಲ್ಲಿ ಎರಡನೆಯ ಬಾಟಲಿ ಸಿಡಿಯಿತು. ಮಹಡಿಯಿಂದ ಯಾರೋ, “ಎರಡಿದಾವೆ ಕಾಣ್ತದೆ,” ಎಂದರು. ಮೂರನೆಯದಕ್ಕೆ, ಮರಿಯೂ ಇರಬೇಕು ಎಂಬ ತೀರ್ಮಾನವಾಯಿತು.

ಹತ್ತು ನಿಮಿಷಗಳಲ್ಲಿ ಬೀದಿಯಲ್ಲಿ ಸಾಮಾನಿನ ಜೀಪೊಂದು ಹಿಂದಕ್ಕೆ ಹೋಯಿತು. ಎದುರು ಮನೆಯವರು ಹಸುವನ್ನು ಒಳಕ್ಕೆ ಎಳೆದುಕೊಂಡರು. ನಂತರ ಪಾರ್ವತಕ್ಕನವರಿಗೆ ಫೋನು ಬಂತು. ಶಾಲೆ ಬಿಡುವ ಹೊತ್ತು, ಮಕ್ಕಳನ್ನು ಹೊರಗೆ ಕಳಿಸುವುದೋ ಕೂರಿಸಿಕೊಳ್ಳುವುದೋ ಎಂದು ಅಲ್ಲಿನ ಟೀಚರ್ ಕೇಳುತ್ತಿದ್ದರು. ಕೂರಿಸಿಕೊಳ್ಳಿ ಎಂದು ಇವರು ಹೇಳುತ್ತಿದ್ದಂತೆ ನಾನು ಎದ್ದು ಹಜಾರದ ಬಾಗಿಲಲ್ಲಿ ನಿಂತೆ. ಹೇಳಬೇಕಾದ ವಾಕ್ಯ ಮನಸ್ಸಿನಲ್ಲಿ ಸಿದ್ಧವಿತ್ತು: ಕೆಲವು ಪಾನೀಯದ ಬಾಟಲಿಗಳು ಅನಿವಾರ್ಯ ಕಾರಣಗಳಿಂದ ಒಡೆದಿರುವ ಸಂಭವವಿರುತ್ತದೆ. ಹನ್ನೆರಡು ಜನ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಸರ್ವಮಂಗಳ ನಿಂತಿದ್ದಳು. ಆ ವಾಕ್ಯ ಬಾಯಿಂದ ಬರಲಿಲ್ಲ.

“ಆನೆ ಅಲ್ಲ,” ಎಂದೆ. “ನಾನು.”

ಪಾರ್ವತಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ನೀವು ಅಂದ್ರೆ ಎಂತ?”

ಅದಕ್ಕೆ ಉತ್ತರವಾಗಿ ನಾಲ್ಕನೆಯ ಬಾಟಲಿ ಸಿಡಿದು, ಬಾಗಿಲ ಸಂದಿಯಿಂದ ಸಕ್ಕರೆ ನೀರು ಹಜಾರಕ್ಕೆ ಹರಿದು ಬಂತು. ಮುಂದಿನ ಅರ್ಧ ಗಂಟೆಯ ವಿವರಗಳನ್ನು ಬಿಡುತ್ತೇನೆ. ಬಿಯರ್ ಎಂಬ ಪದವನ್ನು ನಾನು ಆ ಮನೆಯಲ್ಲಿ ಹನ್ನೆರಡು ಜನ ಹೆಂಗಸರ ಮುಂದೆ ಉಚ್ಚರಿಸಿದೆ, ನೆಲ ಬಿರಿಯಲಿಲ್ಲ. ಪಾರ್ವತಕ್ಕ ಶಾಲೆಗೆ ಫೋನು ಮಾಡಿ, ಮಕ್ಕಳನ್ನು ಬಿಡಿ, ರೈಟರ ಮನೆಯ ಶುಂಠಿ ಪಾನಕ ಎಂದರು. ಹೋಗುವಾಗ, ಅಲ್ಲಾ ಮಾರಾಯ್ರೇ, ಒಂದು ಲೋಟ ನಮಗೂ ಇಡೋದಲ್ವಾ ಎಂದು ಹೇಳಿಹೋದರು. ಎಂಟು ಬಾಟಲಿಗಳಲ್ಲಿ ಐದು ಒಡೆದವು. ಒಂದನ್ನು ನಾನು ಹೆದರಿ ಚರಂಡಿಗೆ ಸುರಿದೆ. ಉಳಿದ ಎರಡರ ಮೇಲೆ ಒದ್ದೆ ಗೋಣಿ ಹೊದಿಸಿ, ಕೈಗೆ ದಪ್ಪ ಟವೆಲ್ ಸುತ್ತಿಕೊಂಡು, ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿದೆ.

ಸರ್ವಮಂಗಳ ಗಾಜು ಗುಡಿಸುತ್ತಿದ್ದಳು. ನಾನು, ಹುದುಗಿನ ಗಾಳಿ ಇಳಿಯುವ ಮೊದಲೇ, ಬೇಗ ಮುಚ್ಚಿದೆ ಅಂತ ಕಾಣುತ್ತದೆ ಎಂದೆ. ಅವಳು, ನೀವು ಯಾವುದಕ್ಕೆ ಬೇಗ ಅಲ್ಲ ಎಂದಳು. ಬಸ್ಸಿಗೆ ಒಂದು ಗಂಟೆ ಮೊದಲು ಹೋಗಿ ನಿಲ್ಲುವುದು, ಹಾಲು ಉಕ್ಕುವ ಮೊದಲೇ ಇಳಿಸಿ ಹಸಿ ಹಾಲಿನ ಕಾಫಿ ಕುಡಿಸುವುದು, ಎಲ್ಲವನ್ನೂ ಒಂದೊಂದಾಗಿ ಎಣಿಸಿದಳು. ಮಗಳ ಮದುವೆಯಲ್ಲಿ ಮುಹೂರ್ತಕ್ಕೆ ಇನ್ನೂ ಹೊತ್ತಿರುವಾಗಲೇ ನಾನು ಗಾಬರಿಯಲ್ಲಿ ಅಕ್ಷತೆ ಎಸೆದು, ನನ್ನನ್ನು ನೋಡಿ ಇಡೀ ಛತ್ರ ಎಸೆದು, ತಾಳಿ ಕಟ್ಟುವ ಹೊತ್ತಿಗೆ ಯಾರ ಕೈಯಲ್ಲೂ ಒಂದು ಕಾಳು ಉಳಿದಿರಲಿಲ್ಲ, ಅದೂ ಬಂತು. ಗಾಜಿನ ಚೂರುಗಳನ್ನು ಮೊರಕ್ಕೆ ತುಂಬಿಕೊಂಡು ಎದ್ದವಳು ನಿಂತಳು. ತೊಟ್ಟಿಯ ವಿಷಯವನ್ನು ಹದಿನೆಂಟು ವರ್ಷಗಳಲ್ಲಿ ಅವಳು ಒಂದು ಸಲವೂ ಎತ್ತಿರಲಿಲ್ಲ. “ಆನೆ ಪರವಾಗಿ ಬಾಯಿ ಬಿಡೋಕೆ ನಿಮಗೆ ಹತ್ತು ನಿಮಿಷ ಬೇಕಾಯ್ತು,” ಎಂದಳು. “ಲೋಕಯ್ಯನೋರ ಪರವಾಗಿ ಇನ್ನೂ ಎಷ್ಟು ಬೇಕು?”

ಮರುದಿನ ಬೆಳಿಗ್ಗೆ ಕುಳಿತು ಎರಡು ಪುಟದ ಪತ್ರವೊಂದನ್ನು ಬರೆದೆ. ವಿಷಯವಿತ್ತು, ಉಲ್ಲೇಖವಿತ್ತು, ವಿಷಾ­ದವೂ ಇತ್ತು. ಸರ್ವಮಂಗಳ ಅದನ್ನು ನೋಡಿ ಏನು ಹೇಳಿದಳೆಂಬುದನ್ನು ಓದುಗರು ಊಹಿಸಬಲ್ಲರು. ಆದರೂ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಕಳಸದ ಬಸ್ಸು ಹತ್ತಿದೆ. ಎರಡು ಬಾಟಲಿಗಳು ಒದ್ದೆ ಟವೆಲಿನಲ್ಲಿ ಮಡಿಲಲ್ಲಿದ್ದವು. ತಿರುವುಗಳಲ್ಲಿ ಕುಲುಕಿದಾಗಲೆಲ್ಲ ಅವು ಬುಸ್ ಎನ್ನುತ್ತಿದ್ದವು. ಪಕ್ಕದಲ್ಲಿ ಕುಳಿತವರು ಮೊದಲು ಟವೆಲನ್ನು, ನಂತರ ನನ್ನನ್ನು ನೋಡಿ, ಹಾವಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಂದಿನ ಸೀಟಿಗೆ ಹೋದರು. ಲೋಕಯ್ಯನವರು ಮಗಳ ಮನೆಯ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಮೆಣಸು ಹರಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈ ಮಾತ್ರ ಹಾಗೆಯೇ ಇತ್ತು. “ಓ, ರೈಟ್ರು. ಬನ್ನಿ ಬನ್ನಿ. ಎಂತ, ದಾರಿ ತಪ್ಪಿತಾ?” ಎಂದರು. ನಾನು ಟವೆಲ್ ಬಿಚ್ಚಿ ಬಾಟಲಿಯನ್ನು ಮುಂದಿಟ್ಟೆ. ಅವರು ಒಳಗಿರುವುದನ್ನು ಕೇಳಲಿಲ್ಲ, ಗಾಜಿಗೆ ಉಗುರಿನಿಂದ ತಟ್ಟಿ ನೋಡಿದರು. “ಸ್ಕ್ವಾಷ್ ಬಾಟ್ಲಿಗಾ ಹಾಕಿದ್ದು? ಒಡೀಲಿಲ್ವಾ?” ಐದು ಒಡೆದವು ಎಂದೆ, ಆನೆಯ ಸಂಗತಿಯನ್ನೂ ಹೇಳಿದೆ. ಅವರು ನಕ್ಕರು. ಮೆಣಸಿನ ಮೇಲೆ ಕುಳಿತೇ ಬಿಡುತ್ತಾರೇನೋ ಎಂಬಷ್ಟು ನಕ್ಕು, ಕಣ್ಣೊರೆಸಿಕೊಂಡು, ಲೋಟ ತರಿಸಿ ಒಂದು ಗುಟುಕು ಕುಡಿದರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ನಿಂತಿದ್ದೆ. “ಪಾನಕ,” ಎಂದರು. “ಬೇಗ ಮುಚ್ಚಿದ್ದೀರಿ.”

ನಾನು ಜೇಬಿನಿಂದ ಪತ್ರ ತೆಗೆದು ಮಡಿಕೆ ಬಿಚ್ಚಿದೆ. ಅವರು ಕೈ ಅಡ್ಡ ಹಿಡಿದರು. “ನೀವು ಓದೋದು ಚಂದವೇ. ಆದ್ರೆ ಒಂದು ಸಲ ಕೇಳಿದ್ದು ಸಾಕು ಮಾರಾಯ್ರೇ.”

ಪತ್ರವನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. “ಆ ವರ್ಷ ತೊಟ್ಟಿ ತೊಳೆಸಿದ್ದು ನಾನು,” ಎಂದೆ. “ನೀವು ಬೇಡ ಅಂದಿದ್ರಿ. ಬರೆಯೋವಾಗ ಅದನ್ನ ಬಿಟ್ಟೆ.”

ಅವರು ಬಗ್ಗಿ ಮೆಣಸನ್ನು ಅಂಗೈಯಿಂದ ತಿರುವಿದರು. ಒಂದು ಸಾಲು ಪೂರ್ತಿ ತಿರುವಿದ ಮೇಲೆ ಹೇಳಿದರು: “ಗೊತ್ತುಂಟಲ್ಲ. ನಾನು ಅಲ್ಲೇ ನಿಂತಿದ್ದೆ.” ಇನ್ನೊಂದು ಸಾಲು ತಿರುವಿದರು. “ನಿಮಗೆ ಗೊತ್ತುಂಟಾ ಇಲ್ವಾ ಅಂತ ನಂಗೆ ಗೊತ್ತಿರ್ಲಿಲ್ಲ.”

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಿದ್ದರೆ ಬಹುಶಃ ಅದಕ್ಕೂ ಒಂದು ಸ್ವೀಕೃತಿ ಪತ್ರ ಬಯಸುತ್ತಿದ್ದೆನೇನೋ. ಕಳೆ ಹೊಡೆಸಿದ ಆ ಒಂದು ವರ್ಷವನ್ನು ಹಿಂದಿರುಗಿಸುವ ಯಾವ ನಮೂನೆಯೂ ಇಲ್ಲವೆಂಬುದು ನಮ್ಮಿಬ್ಬರಿಗೂ ತಿಳಿದಿತ್ತು. ಊಟ ಮಾಡಿಕೊಂಡು ಹೋಗಿ ಎಂದರು. ಉಂಡ ಮೇಲೆ, ಕೇಳದಿದ್ದರೂ ತಾವಾಗಿ ಶುಂಠಿ ಬಿಯರಿನ ಮಾತು ತೆಗೆದರು. ಮರ್ಯಾದೆ ನೋಡದೆ ಬಿಯರ್ ಬಾಟಲಿಯನ್ನೇ ತರಬೇಕು. ತಿರುಪಿನ ಮುಚ್ಚಳ ಬೇಡ, ಬಿರಡೆ ಹಾಕಿ ಸುತಳಿ ಕಟ್ಟಬೇಕು, ಒಳಗೆ ಸಿಟ್ಟು ಹೆಚ್ಚಾದರೆ ಬಿರಡೆ ಹಾರಲಿ, ಬಾಟಲಿ ಉಳಿಯಲಿ. ಒದ್ದೆ ಮರಳಿನಲ್ಲಿ ಇಟ್ಟರೆ ತಂಪಾಗಿರುತ್ತದೆ; ಕುಡಿಯುವ ದಿನದವರೆಗೆ ಅಲುಗಿಸಕೂಡದು. ನಾನು ನೋಟುಪುಸ್ತಕ ತೆಗೆದು, ಮಡಕೆಯಲ್ಲಿ ಎಷ್ಟು ಗಂಟೆ ಎಂದು ಕೇಳಿದೆ. “ಗಂಟೆ ಎಲ್ಲ ಇಲ್ಲ,” ಎಂದರು. “ಮಡಕೆ ಬಾಯಿಗೆ ಕಿವಿ ಇಡಿ. ಮೊದ್ಲು ಜಡಿಮಳೆ ಹಂಗೆ ಕೇಳ್ತದೆ. ಆಮೇಲೆ ಸೋನೆ. ಆಮೇಲೆ ಮರದ ಹನಿ ಬಿದ್ದ ಹಂಗೆ, ಒಂದು, ಇನ್ನೊಂದು. ಆವಾಗ ಮುಚ್ಚೋದು.” ಷರಾ ಅಂಕಣದಲ್ಲಿ ಇದನ್ನು ಹೇಗೆ ನಮೂದಿಸಬೇಕೆಂದು ತೋಚದೆ ನಾನು ಪೆನ್ನು ಹಿಡಿದುಕೊಂಡೇ ಕುಳಿತೆ. ಬಾಟಲಿ ತೆಗೆಯುವ ದಿನ ಮೂಡಿಗೆರೆಗೆ ಬರುತ್ತೀರಾ ಎಂದು ಕೇಳಿದೆ. ಮೊದಲು ಮುಚ್ಚಿ, ಆಮೇಲೆ ಕರೆಯಿರಿ ಎಂದರು.

ಅಡುಗೆಮನೆಯ ಮೂಲೆಗೆ ಎರಡನೆಯ ಮಡಕೆ ಬಂತು. ಹನ್ನೆರಡು ಬಿಯರ್ ಬಾಟಲಿಗಳು ತೊಳೆದು ಕವುಚಿಟ್ಟ ಸ್ಥಿತಿಯಲ್ಲಿ ಹಿತ್ತಲ ಗೋಡೆಯ ಮೇಲೆ, ಬೀದಿಗೆ ಕಾಣುವಂತೆ, ಒಣಗಿದವು. ಗುಜರಿ ಅಂಗಡಿಯವನಿಗೆ, ಹೌದು, ಶುರು ಮಾಡಿದ್ದೇನೆ ಎಂದು ಹೇಳಿಯೇ ತಂದದ್ದು. ಪಾರ್ವತಕ್ಕ ತಮ್ಮ ಹೆಸರಿಗೆ ಒಂದನ್ನು ಕಾದಿರಿಸಿದ್ದಾರೆ. ಪ್ರತಿದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ನಾನು ಕಳಸಕ್ಕೆ ಫೋನು ಮಾಡಿ, ಬಟ್ಟೆ ಸರಿಸಿ, ಮೊಬೈಲನ್ನು ಮಡಕೆಯ ಬಾಯಿಗೆ ಹಿಡಿಯುತ್ತಿದ್ದೆ. ಅತ್ತ ಲೋಕಯ್ಯ ಮೇಸ್ತ್ರಿಯವರು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ನಡುವೆ ಹದಿನೆಂಟು ವರ್ಷಗಳಲ್ಲಿ ಆಗದಷ್ಟು ಮಾತುಕತೆ ಈ ಒಂದು ವಾರದಲ್ಲಿ ಆಗಿದೆ, ಅದರಲ್ಲಿ ಬಹುಪಾಲು ಆಡಿದ್ದು ಮಡಕೆ. ಮೊನ್ನೆ, ಜಡಿಮಳೆ ಎಂದರು. ನಿನ್ನೆ, “ಇಲ್ಲ ರೈಟ್ರೇ, ಇನ್ನೂ ಸೋನೆ ಉಂಟು,” ಎಂದರು. ಇಂದು ಬೆಳಿಗ್ಗೆ ಬಹಳ ಹೊತ್ತು ಅತ್ತಲಿಂದ ದನಿಯೇ ಇರಲಿಲ್ಲ. ಲೈನು ಕಡಿಯಿತೇನೋ ಎಂದುಕೊಳ್ಳುತ್ತಿರುವಾಗ, “ಈಗ ಮುಚ್ಚಿ,” ಎಂದರು.

ಇನ್ನೊಂದು ದಿನ ನೋಡೋಣವೇ ಎಂದು ಕೇಳಿದೆ.

ಇತ್ತ ಸರ್ವಮಂಗಳ ಸೌಟು ಹಿಡಿದು ನಿಂತವಳು ನನ್ನನ್ನೇ ನೋಡುತ್ತಿದ್ದಳು. “ರೈಟ್ರೇ,” ಎಂದರು ಲೋಕಯ್ಯನವರು, “ಹೋದ ಸಲ ನಾನು ತಡೀರಿ ಅಂದೆ, ನೀವು ಕೇಳ್ಲಿಲ್ಲ. ಈ ಸಲ ಮುಚ್ಚಿ ಅಂತಿದ್ದೇನೆ, ಅದೂ ಬೇಡ್ವಾ?”

ಮುಚ್ಚಿದೆ. ಹನ್ನೆರಡೂ ಬಾಟಲಿಗಳು ಬಿರಡೆ, ಸುತಳಿ ಸಹಿತ ಒದ್ದೆ ಮರಳಿನಲ್ಲಿವೆ. ಮುಂದಿನ ದಿನಗಳಲ್ಲಿ ನಮ್ಮ ಬೀದಿಯ ಕಡೆಯಿಂದ ಏನಾದರೂ ಸದ್ದು ಕೇಳಿಬಂದಲ್ಲಿ ಅದರಲ್ಲಿ ಆನೆಯ ಪಾತ್ರವೂ ಇಲ್ಲ, ಮೇಸ್ತ್ರಿಯವರ ಪಾತ್ರವೂ ಇಲ್ಲ, ಮುಚ್ಚಿದವನು ನಾನೇ ಎಂಬುದನ್ನು ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಯಪಡಿಸುತ್ತೇನೆ.